ಬೆಳೆದ ಮೇಲೆ ಆಗುತ್ತೆ ಬಿಡು

ಕಳೆದ ತಿಂಗಳು ಆಫೀಸ್ ಕ್ಯಾಂಟೀನಲ್ಲಿ, ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು. "ಗಿಟಾರ್ ಕಲೀಬೇಕು ಅಂತಿದೀನಿ. ಫುಲ್ ಸೈಜ್ ತಗೊಳ್ಳಾ, ಚಿಕ್ಕದು ತಗೊಳ್ಳಾ?" ಹೆಚ್ಚೆಂದರೆ ಐದಡಿ ಎತ್ತರದ ಹುಡುಗಿ. ಮೇಜಿನ ಸುತ್ತ ಕೂತಿದ್ದ ಐದು ಜನ ಅನ್ನ ನುಂಗೋದನ್ನೂ ಬಿಟ್ಟು ಒಟ್ಟಿಗೆ ಹೇಳಿದರು: "ಫುಲ್ ಸೈಜ್!"

ಕಾರಣಗಳೂ ಬಂದವು. ಚಿಕ್ಕದು ಮಕ್ಕಳಿಗೆ. ಚಿಕ್ಕದು ತಗೊಂಡ್ರೆ ಆಮೇಲೆ ಮತ್ತೆ ದೊಡ್ಡದು ತಗೋಬೇಕು, ದುಡ್ಡು ದಂಡ. ಮಾರೋಕೆ ಹೋದ್ರೆ ಬೆಲೆ ಬರಲ್ಲ. ಎರಡು ತಿಂಗಳು ಕಷ್ಟ ಆಗುತ್ತೆ, ಆಮೇಲೆ ಕೈ ತಾನಾಗೇ ಹೊಂದ್ಕೊಳುತ್ತೆ.

ನಾನು ಒಂದೇ ಪ್ರಶ್ನೆ ಕೇಳಿದೆ. "ನಿಮ್ಮ ನಿಮ್ಮ ಗಿಟಾರ್ ಈಗ ಎಲ್ಲಿದೆ?" ಒಬ್ಬನದು ಬೀರು ಮೇಲೆ. ಇನ್ನೊಬ್ಬನದು ಮಂಚದ ಕೆಳಗೆ. ಮತ್ತೊಬ್ಬಳದು ಊರಲ್ಲಿ ಅಟ್ಟದ ಮೇಲೆ. ನಾಲ್ಕನೆಯವನು ಮಾರಿದ್ದಾನೆ. ಐದನೆಯವನು ಕೊಂಡೇ ಇಲ್ಲ. ಸಲಹೆ ಕೊಡೋಕೆ ಕೊಂಡಿರಬೇಕು ಅಂತ ಕಾನೂನೇನೂ ಇಲ್ಲವಲ್ಲ.

ಐದು ಸಲಹೆ, ಒಂದೂ ನುಡಿಯದ ಗಿಟಾರ್. ಇದು ಕಾಕತಾಳೀಯ ಅಂತ ನನಗನ್ನಿಸಲ್ಲ. ನಾನು ಹೇಳೋಕೆ ಹೊರಟಿರೋದು ಇಷ್ಟೇ. ಹೊಸದಾಗಿ ಕಲಿಯೋಕೆ ಹೊರಟ, ಸಣ್ಣ ಮೈಕಟ್ಟಿನ, ಚಿಕ್ಕ ಕೈಯ ಯಾರೇ ಆಗಲಿ, ಗಂಡಸಾಗಲಿ ಹೆಂಗಸಾಗಲಿ ಮಗುವಾಗಲಿ, ಮೊದಲು ಕೈಗೆತ್ತಿಕೊಂಡು ನೋಡಬೇಕಾದ್ದು ಚಿಕ್ಕ ಗಿಟಾರನ್ನ. "ಫುಲ್ ಸೈಜೇ ಸರಿ" ಅನ್ನೋದು ಸಂಗೀತದ ಜ್ಞಾನ ಅಲ್ಲ. ಅದು ನಮ್ಮ ಬಡತನದ ಲೆಕ್ಕ. ಸಂಬಳ ಬಂದ ಮೇಲೂ ನಮ್ಮನ್ನ ಬಿಟ್ಟುಹೋಗದ ಲೆಕ್ಕ.

ನನ್ನ ಕಥೆಯಿಂದಲೇ ಶುರು ಮಾಡ್ತೀನಿ.

ನಾನು ಹುಲಿಕೆರೆಯವನು. ಹಳೇಬೀಡಿನಿಂದ ಕೆಲವೇ ಕಿಲೋಮೀಟರ್. ಹೊಯ್ಸಳರ ಕಾಲದ ಕಲ್ಯಾಣಿ ಇರೋ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ, ಉಳಿದವರು ಹಳೇಬೀಡು ನೋಡ್ಕೊಂಡು ಹಂಗೇ ಬೇಲೂರಿಗೆ ಹೋಗಿಬಿಡ್ತಾರೆ. ಹಾಸನದಲ್ಲಿ ಬಿಇ ಮುಗಿಸಿ, 2012ರಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದೆ. ಮೂರನೇ ಸಂಬಳದಲ್ಲಿ ಗಿಟಾರ್ ಕೊಂಡೆ. ಅಂಗಡಿಯವನು ಎರಡು ತೋರಿಸಿದ. ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕದರ ಮೇಲೆ ಕೈ ಇಟ್ಟಿದ್ದೆ ಅಷ್ಟೆ. "ಅದು ಲೇಡೀಸು, ಮಕ್ಕಳು ತಗೊಳ್ಳೋದು ಸರ್. ಜೆಂಟ್ಸ್‌ಗೆ ಇದೇ" ಅಂದ. ನಾನು ಐದಡಿ ನಾಲ್ಕಿಂಚು. ಆ ಮಾತು ಕೇಳಿದ ಮೇಲೆ ಚಿಕ್ಕದನ್ನ ಕೈಯಲ್ಲಿ ಹಿಡಿಯೋ ಧೈರ್ಯ ಯಾರಿಗೆ ಬರುತ್ತೆ? ಎಂಟು ಸಾವಿರ ಕೊಟ್ಟು ದೊಡ್ಡದನ್ನೇ ಹೊತ್ಕೊಂಡು ಪಿಜಿಗೆ ಬಂದೆ.

ಬಲಗೈಯನ್ನ ಅದರ ಹೊಟ್ಟೆಯ ಮೇಲಿಂದ ಹಾಯಿಸಿ ತಂತಿ ಮುಟ್ಟಬೇಕಾದ್ರೆ ಭುಜ ಕಿವಿ ಹತ್ರ ಬರ್ತಿತ್ತು. ಅರ್ಧ ಗಂಟೆಗೆ ಬೆನ್ನು ನೋವು. ಎಡಗೈ ಸಿ ಕಾರ್ಡ್ ಹಿಡಿಯೋಕೆ ಹೋದ್ರೆ ಉಂಗುರದ ಬೆರಳು ಮೂರನೇ ಫ್ರೆಟ್ಟಿನವರೆಗೆ ಹೋಗ್ತಿರಲಿಲ್ಲ, ಹೋದ್ರೆ ತೋರುಬೆರಳು ಎದ್ದು ಹೋಗ್ತಿತ್ತು. ಎಫ್ ಕಾರ್ಡ್ ಬಗ್ಗೆ ಮಾತಾಡೋದೇ ಬೇಡ. ಎಂಟು ತಿಂಗಳು ಗುದ್ದಾಡಿದೆ. ಆ ಎಂಟು ತಿಂಗಳಲ್ಲಿ ಒಂದು ದಿನವೂ ಗಿಟಾರ್ ಮೇಲೆ ನನಗೆ ಅನುಮಾನ ಬರಲಿಲ್ಲ. ಅನುಮಾನ ಬಂದಿದ್ದೆಲ್ಲ ನನ್ನ ಮೇಲೆ. ಇದೆಲ್ಲ ಚಿಕ್ಕಂದಿನಿಂದ ಕಾನ್ವೆಂಟಲ್ಲಿ ಓದಿದವರಿಗೆ, ಮನೇಲಿ ಪಿಯಾನೋ ಇದ್ದವರಿಗೆ. ಸಗಣಿ ಬಾಚಿದ ಕೈಗೆ ಬರೋದಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ಗಿಟಾರ್ ಬೀರು ಮೇಲೆ ಹೋಯ್ತು.

ನಾಲ್ಕು ವರ್ಷ ಆದ ಮೇಲೆ ಸಹೋದ್ಯೋಗಿಯೊಬ್ಬರು ಟೀಮ್ ಟ್ರಿಪ್ಪಿಗೆ ಚಿಕ್ಕ ಗಿಟಾರ್ ತಂದಿದ್ರು. ಸುಮ್ನೆ ತೊಡೆ ಮೇಲೆ ಇಟ್ಕೊಂಡೆ. ಭುಜ ಕೆಳಗೇ ಇತ್ತು. ಸಿ ಹಿಡಿದೆ, ಐದೂ ತಂತಿ ನುಡಿದವು. ನನ್ನ ಕೈಗೆ ಏನೂ ಆಗಿರಲಿಲ್ಲ. ಮೊದಲಿಂದಲೂ ಏನೂ ಆಗಿರಲಿಲ್ಲ.

ಆ ರಾತ್ರಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾವೆಲ್ಲ ಇಂಜಿನಿಯರ್‌ಗಳು ತಾನೆ? ದಿನಾ ನಂಬರ್ ತೋರ್ಸು ಅಂತ ಮೀಟಿಂಗಲ್ಲಿ ಜಗಳ ಆಡೋ ನಾವು, ಗಿಟಾರ್ ವಿಷಯ ಬಂದಾಗ ಮಾತ್ರ "ಎಲ್ರೂ ಹಂಗೇ ಹೇಳ್ತಾರೆ" ಅಂತೀವಿ.

ಗಿಟಾರಿನ ಕುತ್ತಿಗೆಯ ತುದಿಯಲ್ಲಿರೋ ನಟ್‌ನಿಂದ ಕೆಳಗಿನ ಸ್ಯಾಡಲ್‌ವರೆಗೆ ತಂತಿಯ ಮಿಡಿಯೋ ಉದ್ದಕ್ಕೆ ಸ್ಕೇಲ್ ಅಂತಾರೆ. ಅಮೆರಿಕದ ಮಾರ್ಟಿನ್ ಕಂಪನಿಯ ದೊಡ್ಡ ಗಿಟಾರಿನಲ್ಲಿ ಅದು 25.4 ಇಂಚು, ಅಂದ್ರೆ 645 ಮಿಲಿಮೀಟರ್. ಅದೇ ಕಂಪನಿಯ ಲಿಟ್ಲ್ ಮಾರ್ಟಿನ್ ಅನ್ನೋ ಚಿಕ್ಕ ಗಿಟಾರಿನಲ್ಲಿ 23 ಇಂಚು, 584 ಮಿಲಿಮೀಟರ್. ಫ್ರೆಟ್‌ಗಳ ಜಾಗ ಈ ಉದ್ದದಿಂದಲೇ ನಿರ್ಧಾರ ಆಗುತ್ತೆ. ಮೊದಲ ಮೂರು ಫ್ರೆಟ್ಟಿನ ಒಟ್ಟು ಜಾಗ ದೊಡ್ಡದರಲ್ಲಿ ಸುಮಾರು 103 ಮಿಲಿಮೀಟರ್, ಚಿಕ್ಕದರಲ್ಲಿ 93. ವ್ಯತ್ಯಾಸ ಒಂದು ಸೆಂಟಿಮೀಟರ್. ಒಂದು ಸೆಂಟಿಮೀಟರ್ ಏನು ಮಹಾ ಅಂತ ಅನ್ನಿಸಿದ್ರೆ, ನಿಮ್ಮ ತೋರುಬೆರಳು ಮತ್ತು ಉಂಗುರದ ಬೆರಳನ್ನ ಆದಷ್ಟು ಅಗಲಿಸಿ, ಆಮೇಲೆ ಇನ್ನೊಂದು ಸೆಂಟಿಮೀಟರ್ ಅಗಲಿಸಿ ನೋಡಿ.

ಇನ್ನೊಂದು ಲೆಕ್ಕ. ತಂತಿಯ ಬಿಗಿ ಉದ್ದದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ, ಇಳಿಯುತ್ತೆ. ಪಿಯುಸಿ ಫಿಸಿಕ್ಸ್. ಅದೇ ದಪ್ಪದ ತಂತಿ, ಅದೇ ಶ್ರುತಿ ಇಟ್ಟರೆ 584ರ ಗಿಟಾರಿನಲ್ಲಿ ಬಿಗಿ 645ರದಕ್ಕಿಂತ ಸುಮಾರು 18% ಕಡಿಮೆ. ಅಂದ್ರೆ ಬೆರಳ ತುದಿ ಒತ್ತಬೇಕಾದ ಬಲವೂ ಕಡಿಮೆ. ಹೊಸಬರು ಬಿಟ್ಟುಹೋಗೋದು ಎಲ್ಲಿ? ಬೆರಳು ನೋವಲ್ಲಿ, ಎಫ್ ಕಾರ್ಡಲ್ಲಿ. ಚಿಕ್ಕ ಗಿಟಾರ್ ಸಲೀಸು ಮಾಡೋದು ಸರಿಯಾಗಿ ಅದೇ ಎರಡು ಕಡೆ.

ಮೂರನೇದು ಮೈಗಾತ್ರ. ಡ್ರೆಡ್‌ನಾಟ್ ಅನ್ನೋ ಆ ದೊಡ್ಡ ಮಾದರಿಯ ಹೊಟ್ಟೆ 15 ಇಂಚಿಗೂ ಹೆಚ್ಚು ಅಗಲ, 5 ಇಂಚಿಗೆ ಹತ್ತಿರ ದಪ್ಪ. ಲಿಟ್ಲ್ ಮಾರ್ಟಿನ್ 12 ಇಂಚು ಅಗಲ, 3 ಇಂಚು ದಪ್ಪ. ಮೊದಲನೇದನ್ನ ತಬ್ಬಿ ಹಿಡೀಬೇಕು, ಎರಡನೇದನ್ನ ತೊಡೆ ಮೇಲೆ ಕೂರಿಸಬೇಕು.

ಹಾಗಾದ್ರೆ ಇಷ್ಟು ದೊಡ್ಡದನ್ನ ಯಾಕೆ ಮಾಡಿದ್ರು? ಇಲ್ಲೇ ಮಜಾ ಇರೋದು. ಡ್ರೆಡ್‌ನಾಟ್ ಅನ್ನೋದು ಒಂದು ಯುದ್ಧನೌಕೆಯ ಹೆಸರು. ಬ್ರಿಟಿಷರು 1906ರಲ್ಲಿ ನೀರಿಗಿಳಿಸಿದ ದೊಡ್ಡ ಹಡಗು. ಅದರ ಹೆಸರಿಟ್ಟು ಮಾರ್ಟಿನ್ ಕಂಪನಿ 1916ರಲ್ಲಿ ಬಾಸ್ಟನ್ನಿನ ಡಿಟ್ಸನ್ ಕಂಪನಿಗೋಸ್ಕರ ಈ ಗಿಟಾರ್ ಮಾಡಿಕೊಟ್ಟಿತು. ಮಾರ್ಟಿನ್ ಶುರುವಾಗಿದ್ದು 1833ರಲ್ಲಿ. ಅಲ್ಲಿವರೆಗೆ ಎಂಬತ್ತು ಚಿಲ್ಲರೆ ವರ್ಷ ಅವರು ಮಾಡ್ತಿದ್ದಿದ್ದು ಅದಕ್ಕಿಂತ ಚಿಕ್ಕ ಗಿಟಾರ್‌ಗಳನ್ನ. ಹಾಡುಗಾರನ ಹಿಂದೆ ಗಟ್ಟಿಯಾಗಿ ಕೇಳಬೇಕು ಅನ್ನೋ ಕಾರಣಕ್ಕೆ ಹೊಟ್ಟೆ ದೊಡ್ಡದಾಯ್ತು. ಮೈಕ್ ಇಲ್ಲದ ಕಾಲ. ಅಂದ್ರೆ ನಾವು "ಫುಲ್ ಸೈಜ್" ಅಂತ ಕರೀತಿರೋದು ಮನುಷ್ಯನ ಮೈಯಿಂದ ತೆಗೆದ ಅಳತೆ ಅಲ್ಲ. ಸಭಾಂಗಣದ ಕೊನೇ ಸಾಲಿನಿಂದ ತೆಗೆದ ಅಳತೆ.

ನಮ್ಮಲ್ಲೂ ಇಂಥದ್ದೇ ಒಂದು ನಡೆದಿದೆ. ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಮೈಕ್ ಇಲ್ಲದ ಕಚೇರಿಯಲ್ಲಿ ಹಿಂದೆ ಕೂತವರಿಗೂ ನಾದ ಮುಟ್ಟಬೇಕಿತ್ತು. ಅವರ ಅಗತ್ಯ, ಅವರ ತೋಳು, ಅವರ ಪಿಟೀಲು. ಆದ್ರೆ ಅದನ್ನ ನೋಡಿ "ಕಲಿಯೋ ಮಕ್ಕಳಿಗೂ ಏಳು ತಂತಿದೇ ಕೊಡ್ಸಿ, ಮುಂದಕ್ಕೆ ಆಗುತ್ತೆ" ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಇವತ್ತಿಗೂ ಪಿಟೀಲು ಕಲಿಯೋಕೆ ಹೋದ ಮಗುವಿನ ತೋಳು ನೋಡಿ ಅರ್ಧ ಸೈಜು, ಮುಕ್ಕಾಲು ಸೈಜು ಅಂತ ಹೇಳ್ತಾರೆ. ಯಾರೂ ಅವಮಾನ ಅಂದ್ಕೊಳಲ್ಲ. ಗಿಟಾರಿಗೆ ಮಾತ್ರ ಯಾಕೆ ಈ ಗಂಡಸುತನ?

ನಮ್ಮ ಸಭಾಂಗಣ ಯಾವುದು ಹೇಳಿ. ಹತ್ತಕ್ಕೆ ಹತ್ತರ ರೂಮು. ರಾತ್ರಿ ಒಂಬತ್ತರ ಮೇಲೆ ತಂತಿ ಮೀಟಿದ್ರೆ ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ. ಯುದ್ಧನೌಕೆ ತಗೊಂಡು ಬಚ್ಚಲ ತೊಟ್ಟಿಯಲ್ಲಿ ಏನು ಮಾಡೋದು? ದೊಡ್ಡ ಸಭೆ ಬಂದೇಬಿಟ್ಟರೆ ಮೈಕ್ ಇದೆ. ಎಡ್ ಶೀರನ್ 2015ರಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಮೂರು ರಾತ್ರಿ, ಬ್ಯಾಂಡ್ ಇಲ್ಲದೆ ಒಬ್ಬನೇ ನಿಂತು ಹಾಡಿದ. ಅವನ ಹೆಗಲಲ್ಲಿ ಇದ್ದಿದ್ದು ಚಿಕ್ಕ ಮಾರ್ಟಿನ್. ವೆಂಬ್ಲಿಗೆ ಸಾಕಾಗಿದ್ದು ಮಾರತ್ತಹಳ್ಳಿಯ ಪಿಜಿಗೆ ಸಾಲಲ್ಲ ಅಂದ್ರೆ ಏನು ಹೇಳೋದು?

ಇಷ್ಟೆಲ್ಲ ಗೊತ್ತಿದ್ರೂ ನಾವು ದೊಡ್ಡದೇ ಕೊಳ್ತೀವಿ. ಯಾಕೆ ಅನ್ನೋದು ನನಗೆ ನನ್ನ ಯೂನಿಫಾರಂ ನೆನೆಸಿಕೊಂಡಾಗ ಅರ್ಥ ಆಯ್ತು. ಜೂನ್ ತಿಂಗಳಲ್ಲಿ ಹಳೇಬೀಡಿನ ಟೈಲರ್ ಮುಂದೆ ನಿಲ್ಲಿಸಿ ಅಪ್ಪ ಹೇಳ್ತಿದ್ರು: "ಎರಡಿಂಚು ಮಡ್ಚಿ ಹೊಲಿ. ಬೆಳೆಯೋ ಹುಡ್ಗ, ಮುಂದಿನ ವರ್ಷಕ್ಕೂ ಆಯ್ತದೆ." ಚಪ್ಪಲಿ ಒಂದು ಸೈಜ್ ದೊಡ್ಡದು. ಸೈಕಲ್ಲಂತೂ ಅಪ್ಪಂದೇ, ಸೀಟ್ ಮೇಲೆ ಕೂತ್ರೆ ಪೆಡಲ್ ಸಿಗದೆ ಒಳಪೆಡಲ್ ತುಳಿದವರು ನಾವು. ನಿಮ್ಮಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರುತ್ತೆ. ಆ ಲೆಕ್ಕವನ್ನ ನಾನು ಹೀಯಾಳಿಸಲ್ಲ. ಕೊಬ್ಬರಿ ರೇಟಿನ ಮೇಲೆ ವರ್ಷ ನಿಂತಿರೋ ಮನೇಲಿ ಅದು ಜಾಣತನ. ಚಡ್ಡಿ ಸಡಿಲ ಆದ್ರೆ ಉಡಿದಾರಕ್ಕೆ ಸಿಗಿಸ್ಕೋಬಹುದು. ಪಾಠಕ್ಕೇನೂ ತೊಂದ್ರೆ ಇಲ್ಲ.

ಆದ್ರೆ ವಾದ್ಯ ಬಟ್ಟೆ ಅಲ್ಲ, ಅದು ಕೆಲಸದ ಸಾಮಾನು. ಅದೇ ಅಪ್ಪ ಕೆಲಸದ ಸಾಮಾನಿನ ವಿಷಯದಲ್ಲಿ ಬೇರೆಯೇ ಮನುಷ್ಯ. ಗುದ್ದಲಿಗೆ ಕಾವು ಹಾಕಿಸುವಾಗ ಯಾರು ಹಿಡೀತಾರೆ ಅಂತ ಕೇಳಿ, ಅವರ ಎತ್ತರಕ್ಕೆ ತಕ್ಕ ಹಾಗೆ ಕತ್ತರಿಸ್ತಿದ್ರು. ಅಮ್ಮನ ಕುಡುಗೋಲು ಬೇರೆ, ಅವರದ್ದು ಬೇರೆ. ನೀರು ತರೋಕೆ ಅಕ್ಕನಿಗೆ ಒಂದು ಬಿಂದಿಗೆ, ನನಗೆ ಇನ್ನೂ ಚಿಕ್ಕದೊಂದು. "ದೊಡ್ಡ ಕೊಡನೇ ಹೊರಲಿ, ಬೆಳೆಯೋ ಹುಡ್ಗ" ಅಂತ ಯಾವತ್ತೂ ಅಂದಿಲ್ಲ. ಹೊರೋಕಾಗದ ಕೊಡ ಕೊಟ್ರೆ ದಾರೀಲಿ ನೀರೆಲ್ಲ ಚೆಲ್ಲುತ್ತೆ ಅಂತ ಊರಿಗೆಲ್ಲ ಗೊತ್ತಿತ್ತು. ಇಂಜಿನಿಯರಿಂಗ್ ಓದಿದ ನಾವು ಅಪ್ಪನ ಟೈಲರ್ ಲೆಕ್ಕ ಇಟ್ಕೊಂಡ್ವಿ, ಗುದ್ದಲಿ ಲೆಕ್ಕ ಮರೆತ್ವಿ.

ಇದು ನನ್ನೊಬ್ಬನ ಎಂಟು ಸಾವಿರದ ಕಥೆ ಆಗಿದ್ರೆ ಇಷ್ಟು ಉದ್ದ ಬರೀತಿರಲಿಲ್ಲ. 2020ರ ಲಾಕ್‌ಡೌನಲ್ಲಿ ವರ್ಕ್ ಫ್ರಂ ಹೋಮ್ ಅಂತ ಊರಿಗೆ ಹೋದಾಗ ಬೀರು ಮೇಲಿನ ಆ ದೊಡ್ಡ ಗಿಟಾರನ್ನೂ ಕಾರಲ್ಲಿ ಹಾಕ್ಕೊಂಡು ಹೋಗಿದ್ದೆ. ನನ್ನ ಚಿಕ್ಕ ಗಿಟಾರನ್ನ ಸ್ನೇಹಿತನೊಬ್ಬ ಒಯ್ದಿದ್ದ, ಬಸ್ಸು ಕಾರು ನಿಂತ ಮೇಲೆ ಅದು ಅವನ ಹತ್ರಾನೇ ಉಳೀತು. ಅಕ್ಕನ ಮಗಳು ಆಗ ಹತ್ತು ವರ್ಷದವಳು. ಸ್ಕೂಲ್ ಇಲ್ಲ. ಬೆಳಗ್ಗೆ ಎದ್ದರೆ ಗಿಟಾರ್ ಪಕ್ಕ. "ಮಾವ, ನಂಗೂ ಹೇಳ್ಕೊಡು." ಕೂರಿಸಿದೆ. ಗಿಟಾರ್ ಹಿಂದೆ ಮಗು ಕಾಣ್ತಿರಲಿಲ್ಲ, ಹಣೆ ಮತ್ತು ಕಣ್ಣು ಮಾತ್ರ. ಬಲಗೈ ತಂತಿಗೆ ಸಿಗ್ತಿರಲಿಲ್ಲ. ಹತ್ತು ದಿನ ಒದ್ದಾಡಿತು. ಬೆರಳು ಕೆಂಪಾಗಿದ್ದನ್ನ ಫ್ರಾಕಿನಲ್ಲಿ ಮುಚ್ಚಿಟ್ಕೊಂಡು ಮತ್ತೆ ಬಂದು ಕೂರ್ತಿತ್ತು.

ಚಿಕ್ಕದೊಂದು ಕೊಡಿಸೋಣ ಅಂದೆ. ಅಪ್ಪ ಹಜಾರದಿಂದಲೇ ಹೇಳಿದ್ರು: "ಇರೋದ್ನ ಬಿಟ್ಟು ಇನ್ನೊಂದ್ಯಾಕ್ಲಾ? ಕೈ ಬೆಳೀಲಿ ಬಿಡು, ಆಮೇಲೆ ಇದೇ ಆಯ್ತದೆ." ನನಗೆ ಎಲ್ಲ ಗೊತ್ತಿತ್ತು. ನನ್ನ ಎಂಟು ತಿಂಗಳು ಗೊತ್ತಿತ್ತು, ಆ ಟ್ರಿಪ್ಪಿನ ರಾತ್ರಿ ಗೊತ್ತಿತ್ತು. ಆದ್ರೂ "ಸರಿ, ಬೆಳೆದ ಮೇಲೆ ಆಗುತ್ತೆ ಬಿಡು" ಅಂದುಬಿಟ್ಟೆ. ತಪ್ಪು ಅಪ್ಪಂದಲ್ಲ, ಅವರು ಗಿಟಾರ್ ಹಿಡಿದವರಲ್ಲ. ತಪ್ಪು ನಂದು.

ಹೋದ ವರ್ಷ ಗೌರಿ ಹಬ್ಬಕ್ಕೆ ಒಂದು ಚಿಕ್ಕ ಗಿಟಾರ್ ತಗೊಂಡು ಹೋದೆ. ಅವಳೀಗ ಎಸ್ಸೆಸ್ಸೆಲ್ಸಿ. ನನ್ನ ಭುಜದವರೆಗೆ ಬಂದಿದ್ದಾಳೆ. ತೊಡೆ ಮೇಲೆ ಇಟ್ಕೊಂಡಳು, ಚೆನ್ನಾಗೇ ಕೂತಿತು. ಎರಡು ಸಲ ಮೀಟಿ ನನ್ನ ಕೈಗೇ ವಾಪಸ್ ಕೊಟ್ಟಳು. "ಈಗ ಟೈಮಿಲ್ಲ ಮಾವ. ಟ್ಯೂಶನ್ ಇದೆ." ಬೇಜಾರೇನೂ ಇರಲಿಲ್ಲ ಆ ದನಿಯಲ್ಲಿ. ಅದೇ ನನಗೆ ಬೇಜಾರು. ಕೈ ಬೆಳೆಯೋವರೆಗೆ ಗಿಟಾರ್ ಕಾಯುತ್ತೆ, ಆಸೆ ಕಾಯಲ್ಲ.

ಈಗ ನಿಮ್ಮ ಆಕ್ಷೇಪಗಳಿಗೆ ಬರ್ತೀನಿ.

"ಚಿಕ್ಕದರಲ್ಲಿ ಸೌಂಡ್ ಕಡಿಮೆ." ನಿಜ. ದಪ್ಪ ತಂತಿಗಳ ಗುಂಗು ದೊಡ್ಡ ಹೊಟ್ಟೆಯಲ್ಲಿ ಬರೋ ಹಾಗೆ ಇದರಲ್ಲಿ ಬರಲ್ಲ. ಜೋರಾಗಿ ಬಾರಿಸಿದ್ರೆ ಸಡಿಲ ತಂತಿ ಜಿರ್ ಅನ್ನಬಹುದು. ನುಡಿಸದೇ ಇರೋ ದೊಡ್ಡ ಗಿಟಾರಿನ ಸೌಂಡ್ ಅದಕ್ಕಿಂತಲೂ ಕಡಿಮೆ.

"ಆಮೇಲೆ ದೊಡ್ಡದು ತಗೋಬೇಕಾಗುತ್ತೆ." ತಗೊಳ್ಳಿ! ಚಿಕ್ಕದರಲ್ಲಿ ಎರಡು ವರ್ಷ ನುಡಿಸಿ ದೊಡ್ಡದು ಬೇಕು ಅನ್ನಿಸಿದ್ರೆ ಅದು ನಷ್ಟ ಅಲ್ಲ, ಅದೇ ಗೆಲುವು. ನಷ್ಟ ಅಂದ್ರೆ ಬೀರು ಮೇಲಿರೋದು. ನಾಲ್ಕು ಲಕ್ಷಕ್ಕೆ ಬೈಕ್ ಕೊಂಡು ಎರಡು ವರ್ಷಕ್ಕೆ ಬದಲಾಯಿಸೋ ಜನ ನಾವು, ಇಲ್ಲಿ ಮಾತ್ರ ಜೀವಮಾನಕ್ಕೆ ಒಂದೇ ಅಂತೀವಿ.

"ಚಿಕ್ಕದು ಅಂದ್ರೆ ಆಟದ ಸಾಮಾನು." ಆಟದ ಸಾಮಾನೂ ಮಾರ್ತಾರೆ, ಹುಷಾರು. ಶ್ರುತಿ ನಿಲ್ಲದ, ತಂತಿ ಬೆರಳಿನಷ್ಟು ಎತ್ತರ ಇರೋ ಡಬ್ಬಿಗಳು ಬೇಕಾದಷ್ಟಿವೆ. ನಾನು ಹೇಳ್ತಿರೋದು ಅದನ್ನಲ್ಲ. ಆನ್‌ಲೈನಲ್ಲಿ 38 ಇಂಚು, 41 ಇಂಚು ಅಂತ ಬರೆದಿರ್ತಾರಲ್ಲ, ಅದು ತಲೆಯಿಂದ ಬುಡದವರೆಗಿನ ಪೂರ್ತಿ ಉದ್ದ. ಅದರಿಂದ ಸ್ಕೇಲ್ ಎಷ್ಟು, ಹೊಟ್ಟೆ ಎಷ್ಟು ದಪ್ಪ ಅಂತ ಗೊತ್ತಾಗಲ್ಲ. ಮುಕ್ಕಾಲು ಸೈಜ್ ಅನ್ನೋ ಹೆಸರನ್ನೂ ನಂಬಬೇಡಿ. ಅದರ ಸ್ಕೇಲ್ ದೊಡ್ಡದರ ಮುಕ್ಕಾಲು ಭಾಗ ಇರಲ್ಲ, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತೆ. ಸ್ಕೇಲ್ ಎಷ್ಟು ಅಂತ ನೇರವಾಗಿ ಕೇಳಿ. ಎರಡರ ಮಧ್ಯದ ಗಾತ್ರಗಳೂ ಇವೆ, ಅದನ್ನೂ ಕೇಳಿ. ಯಾವುದೇ ಕೊಂಡರೂ ತಂತಿಯ ಎತ್ತರ ಸರಿ ಮಾಡಿಸ್ಕೊಂಡೇ ಮನೆಗೆ ತನ್ನಿ.

ಇದೆಲ್ಲ ನೆನಪಿರಲ್ಲ ಅಂದ್ರೆ ಒಂದೇ ಪರೀಕ್ಷೆ. ಕೈ ಹಾಕದ ಕುರ್ಚಿ ಕೇಳಿ, ಅಂಗಡಿಯಲ್ಲಿ ಕೂತ್ಕೊಳ್ಳಿ. ಬಲತೊಡೆ ಮೇಲೆ ಗಿಟಾರ್ ಇಡಿ. ಬಲಗೈ ಹೊಟ್ಟೆಯ ಮೇಲಿಂದ ಇಳಿದು ತಂತಿ ಮುಟ್ಟಿದಾಗ ಭುಜ ಮೇಲೆ ಏಳಬಾರದು. ಎಡಗೈ ಮೊದಲ ಫ್ರೆಟ್ಟಿಗೆ ಹೋದಾಗ ಮೊಣಕೈ ಇನ್ನೂ ಸ್ವಲ್ಪ ಬಾಗಿರಬೇಕು. ತೋರುಬೆರಳು ಒಂದನೇ ಫ್ರೆಟ್ಟಲ್ಲಿ ಇಟ್ಟು ಉಂಗುರದ ಬೆರಳನ್ನ ಮೂರನೇದಕ್ಕೆ ಚಾಚಿ, ಎಳೆದಂಗೆ ಆಗಬಾರದು. ದೊಡ್ಡ ಗಿಟಾರಿನಲ್ಲೇ ಇದೆಲ್ಲ ಸರಿಯಾಗಿ ಬಂತಾ, ದೊಡ್ಡದೇ ತಗೊಳ್ಳಿ, ನನ್ನ ತಕರಾರಿಲ್ಲ. ಬರಲಿಲ್ವಾ, ಅಂಗಡಿಯವನು "ಜೆಂಟ್ಸ್" ಅಂದ, ಫ್ರೆಂಡ್ "ರೀಸೇಲ್" ಅಂದ, ಅಪ್ಪ "ಮುಂದಕ್ಕೆ ಆಯ್ತದೆ" ಅಂದ್ರು ಅಂತ ತಗೋಬೇಡಿ. ಮನೆಗೆ ಹೋದ ಮೇಲೆ ಅದನ್ನ ಹಿಡಿಯೋರು ಅವರಲ್ಲ.

ಆ ಹುಡುಗಿ ಶನಿವಾರ ಅಂಗಡಿಗೆ ಹೋಗಿದ್ದಳಂತೆ. ಸೋಮವಾರ ಕ್ಯಾಂಟೀನಲ್ಲಿ ಎಡಗೈ ಬೆರಳ ತುದಿ ತೋರಿಸಿದಳು, ಕೆಂಪಗೆ ಗೀರು ಬಿದ್ದಿತ್ತು. "ನೋವಿದೆ. ಆದ್ರೆ ಸಿ ಬಂತು" ಅಂದಳು. ಯಾವ ಸೈಜ್ ಅಂತ ಮೇಜಿನ ಮೇಲಿದ್ದ ಐದು ಜನರಲ್ಲಿ ಯಾರೂ ಕೇಳಲಿಲ್ಲ.